ಕೊನೆಯ ಎರಡು ಮೈಲಿಗೆ ಇಟ್ಟ ಕಥೆ

ಹೋದ ಫೆಬ್ರವರಿಯಲ್ಲಿ ರಾಣೆಬೆನ್ನೂರಿನಿಂದ ಹಾವೇರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಮೋಟೆಬೆನ್ನೂರು ಕ್ರಾಸಿನಲ್ಲಿ ಬಸ್ಸು ನಿಂತಾಗ ಬ್ಯಾಡಗಿಯ ಕಡೆಯ ಗಾಳಿ ಕಿಟಕಿಯಿಂದ ಒಳಗೆ ನುಗ್ಗಿತು. ಒಣಮೆಣಸಿನಕಾಯಿಯ ಘಾಟು. ಇಡೀ ಬಸ್ಸು ಕೆಮ್ಮಿತು. ಕಂಡಕ್ಟರ್ ಎರಡು ಸಲ ಸೀನಿ, "ಈ ವರ್ಷ ಮಾಲು ಜೋರ ಬಂದೈತಿ" ಎಂದು ನಕ್ಕ. ಎಲ್ಲರೂ ನಕ್ಕರು. ಹಿಂದಿನ ಸೀಟಿನಲ್ಲಿ ಒಬ್ಬರು ದಪ್ಪನೆಯ ಹಿರಿಯರು ಇನ್ನೂ ಕೆಮ್ಮುತ್ತಲೇ ಇದ್ದರು. ನಾನು ಅವರತ್ತ ತಿರುಗಿ, "ಎದಿ ಉರೀತೈತೇನ್ರಿ?" ಎಂದು ಕೇಳಿದೆ. ಅವರು ಹುಚ್ಚನನ್ನು ನೋಡುವಂತೆ ನನ್ನನ್ನು ನೋಡಿದರು. ಬ್ಯಾಡಗಿ ಸೀಮೆಯಲ್ಲಿ, ಅದೂ ಫೆಬ್ರವರಿಯಲ್ಲಿ, ಇಂಥ ಪ್ರಶ್ನೆ ಯಾರು ಕೇಳುತ್ತಾರೆ?

ನನಗೆ ಇದು ಚಾಳಿಯಾಗಿಬಿಟ್ಟಿದೆ. ಯಾರು ಕೆಮ್ಮಿದರೂ ಅದು ಮೆಣಸಿನಕಾಯಿಯ ಕೆಮ್ಮೋ ಬೇರೆಯದೋ ಎಂದು ಮುಖ ನೋಡುತ್ತೇನೆ. ಹೆಂಡತಿ ಬೈಯುತ್ತಾಳೆ. ಮದುವೆಗೆ ಹೋದಲ್ಲಿ, ಸಾವಿಗೆ ಹೋದಲ್ಲಿ ಇದೇ ಕೆಲಸ. ಇದು ಹತ್ತಿದ್ದು ಎರಡು ಸಾವಿರದ ಎಂಟರ ಹಂಗಾಮಿನಲ್ಲಿ, ನಾವು ಮೂವರು ಮ್ಯಾರಥಾನ್ ಓಡಲು ಹೊರಟ ವರ್ಷ.

ಆಗ ನಾನು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೇಲ್ವಿಚಾರಕನಾಗಿದ್ದೆ. ಊರು ಹಾವೇರಿ, ಬಾಡಿಗೆ ಕೋಣೆ ಬ್ಯಾಡಗಿಯಲ್ಲಿ. ಕೋಣೆಯ ಎದುರಿನ ಮನೆ ಮಲ್ಲಣ್ಣನವರದು. ಮಾರುಕಟ್ಟೆಯ ಹತ್ತಿರ ಅವರ ದಲಾಲಿ ಅಂಗಡಿ ಇತ್ತು. ದೊಡ್ಡ ದನಿ, ದೊಡ್ಡ ಹೊಟ್ಟೆ, ಬಾಯಿ ತೆರೆದರೆ ಮುಚ್ಚುವ ಮನುಷ್ಯರಲ್ಲ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಮೆಣಸಿನಕಾಯಿ ತೆಗೆದು ಅಲುಗಾಡಿಸಿದರೆ, ಬೀಜದ ಸದ್ದಿನ ಮೇಲೆಯೇ ಅದು ಒಣಗಿದೆಯೋ ಇಲ್ಲವೋ ಹೇಳುತ್ತಿದ್ದರು. ಅವರ ಅಪ್ಪ ಇದೇ ಅಂಗಡಿಯಲ್ಲಿ ನಲವತ್ತೊಂಬತ್ತನೆಯ ವಯಸ್ಸಿಗೆ ಚೀಲಕ್ಕೆ ಒರಗಿ ಕುಳಿತಲ್ಲೇ ತೀರಿಕೊಂಡಿದ್ದರು. ಗಿರಾಕಿಯೊಬ್ಬ ಬಂದು ದರ ಕೇಳಿ, ಉತ್ತರ ಬರಲಿಲ್ಲವೆಂದು ಸಿಟ್ಟಾಗಿ ಪಕ್ಕದ ಅಂಗಡಿಗೆ ಹೋದನಂತೆ. ಮಲ್ಲಣ್ಣ ಇದನ್ನು ನಗುತ್ತಲೇ ಹೇಳುತ್ತಿದ್ದರು. ಆದರೆ ಆ ವರ್ಷ ಅವರಿಗೂ ನಲವತ್ತೊಂಬತ್ತು ನಡೆಯುತ್ತಿತ್ತು.

"ನಮ್ಮಪ್ಪ ಕುಂತಿದ್ದ, ಅದಕ್ಕ ಸಿಕ್ಕ. ನಾ ಓಡ್ತೀನಿ. ನನ್ನ ಹೆಂಗ ಹಿಡೀತೈತಿ ನೋಡೂಣು" ಎಂದು ದಸರೆಯ ಮರುದಿನ ನನ್ನ ಕೋಣೆಯ ಬಾಗಿಲಲ್ಲಿ ಹೊಸ ಬೂಟು ಹಾಕಿಕೊಂಡು ನಿಂತಿದ್ದರು. ಮಾರ್ಚಿನಲ್ಲಿ ಹುಬ್ಬಳ್ಳಿಯಲ್ಲಿ ಪೂರ್ತಿ ಮ್ಯಾರಥಾನ್ ಇದೆ, ಅಷ್ಟರೊಳಗೆ ತಯಾರಾಗಬೇಕು ಎಂದರು. ಡಾಕ್ಟರಿಗೆ ಒಮ್ಮೆ ತೋರಿಸಿರಿ ಎಂದೆ. "ತೋರಿಸಿದ್ರ ಓಡಬ್ಯಾಡ ಅಂತಾರ. ಓಡದಿದ್ರ ಸಾಯ್ತೀನಿ. ಯಾಕ ಬೇಕು?" ಅವರ ಲೆಕ್ಕ ಅಷ್ಟೇ. ಮೈಲಿಗಟ್ಟಲೆ ಓಡಬಲ್ಲವನ ಎದೆಗೆ ಏನೂ ಆಗುವುದಿಲ್ಲ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ನಿಜ ಹೇಳಬೇಕೆಂದರೆ, ಆಗ ನಾವೆಲ್ಲರೂ ನಂಬಿದ್ದೆವು.

ಮೂರನೆಯವನು ಇಮಾಮ್. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದ ನನ್ನ ಕಾಲೇಜು ಗೆಳೆಯ. ಕಾಲೇಜಿನಲ್ಲಿ ದೂರದ ಓಟಗಳಲ್ಲಿ ಗೆದ್ದವನು. ಪ್ರತಿ ಭಾನುವಾರ ಬೆಳಕು ಹರಿಯುವ ಮೊದಲೇ ಮೋಟರ್ ಸೈಕಲ್ ಮೇಲೆ ಬ್ಯಾಡಗಿಗೆ ಬರುತ್ತಿದ್ದ. ನಮಗೆ ಓಟ ಕಲಿಸಿದವನು ಅವನೇ. ಮೊದಲ ದಿನವೇ ಮಲ್ಲಣ್ಣ ಬಸ್ಸು ತಪ್ಪಿದವರಂತೆ ಧಾವಿಸಿ, ರೇಲ್ವೆ ಗೇಟು ಮುಟ್ಟುವಷ್ಟರಲ್ಲಿ ಸೊಂಟ ಹಿಡಿದು ನಿಂತಾಗ ಇಮಾಮ್ ಎರಡು ನಿಯಮ ಹಾಕಿದ.

"ಅಣ್ಣಾರ, ಓಡ್ತಾ ಓಡ್ತಾ ಮಾತಾಡಾಕ ಬರಬೇಕು. ಅಷ್ಟ ಸಾವಕಾಶ ಹೋಗೋಣು. ಮಾತು ಕಡೀತಂದ್ರ ವೇಗ ಹೆಚ್ಚಾತು ಅಂತ ತಿಳೀರಿ. ಮೊದಲಿನ ಅರ್ಧ ದಮ್ಮು ಖರ್ಚು ಮಾಡದ ಕೈ ಬಿಗಿ ಹಿಡೀಬೇಕು, ಖರೇ ಓಟ ಶುರು ಆಗೂದ ಕೊನೀಗೆ."

"ಮಾತಾಡೂದ? ಅದ ನನಗ ಬಿಡ್ರಿ" ಎಂದರು ಮಲ್ಲಣ್ಣ.

ಎರಡನೆಯ ನಿಯಮ ನೋವಿನದು. "ಓಡ್ತಾ ಓಡ್ತಾ ಕಡಿಮಿ ಆಗೂ ನೋವಿಗೆ ಅಂಜಬ್ಯಾಡ್ರಿ. ಓಡ್ತಾ ಓಡ್ತಾ ಹೆಚ್ಚಾಗಿ, ನಿಂತ ಕೂಡ್ಲೆ ಕಡಿಮಿ ಆಗೂ ನೋವಿಗೆ ಮಾತ್ರ ನಿಂದ್ರಿ. ಅದು ಕೆಟ್ಟದು." ಇದನ್ನು ನಾವು ಬಾಯಿಪಾಠ ಮಾಡಿದೆವು. ಕಾಲಿಗೆ, ಮೊಣಕಾಲಿಗೆ, ಹಿಮ್ಮಡಿಗೆ ಹಚ್ಚಿ ನೋಡಿದೆವು. ಸೊಂಟದಿಂದ ಮೇಲಕ್ಕೂ ಅದೇ ನಿಯಮ ಎಂದು ಮೂವರಲ್ಲಿ ಒಬ್ಬರಿಗೂ ಆಗ ಹೊಳೆಯಲಿಲ್ಲ.

ಮಾತಾಡುತ್ತ ಓಡಬೇಕಲ್ಲ, ಹಾಗಾಗಿ ದೀಪಾವಳಿಯ ಹೊತ್ತಿಗೆ ಮಲ್ಲಣ್ಣ ಒಂದು ಕಥೆ ಹಿಡಿದರು. ನಮ್ಮ ಕಡೆ ಆ ಹಬ್ಬಕ್ಕೆ ಹೋರಿ ಬಿಡುತ್ತಾರೆ. ಹೋರಿಯ ಕೊರಳಿಗೆ ಕೊಬ್ಬರಿ ಸರ ಕಟ್ಟಿ ಜನರ ನಡುವಿನ ಓಣಿಯಲ್ಲಿ ಓಡಿಸುವುದು, ಗಂಡಸರು ಹಾರಿ ಬಿದ್ದು ಆ ಕೊಬ್ಬರಿ ಹರಿಯುವುದು. ಮಲ್ಲಣ್ಣನ ಅಜ್ಜನ ಹತ್ತಿರ ಕರಿಯ ಎಂಬ ಹೋರಿ ಇತ್ತಂತೆ. ಒಂದು ವರ್ಷ ಅದರ ಕೊಬ್ಬರಿಯನ್ನು ಯಾರೂ ಮುಟ್ಟಲಾಗಲಿಲ್ಲ. ಓಣಿ ಮುಗಿದರೂ ಹೋರಿ ನಿಲ್ಲಲಿಲ್ಲ. ಊರು ದಾಟಿ, ಹೊಲ ದಾಟಿ ಓಡುತ್ತಲೇ ಹೋಯಿತು. ಅಜ್ಜ ಮತ್ತು ನಾಲ್ಕು ಜನ ಬೆನ್ನು ಹತ್ತಿದರು. ಪ್ರತಿ ಭಾನುವಾರ ಹೋರಿ ಒಂದೊಂದು ಊರು ದಾಟುತ್ತಿತ್ತು. ಒಂದೂರಲ್ಲಿ ಮದುವೆಯ ಚಪ್ಪರ ಕೆಡವಿತು. ಇನ್ನೊಂದೂರಲ್ಲಿ ಗೌಡರ ಮಗಳು ಅದಕ್ಕೆ ನೀರು ಕುಡಿಸಿ, ಬೆನ್ನು ಹತ್ತಿದವರಿಗೆ ತಪ್ಪು ದಾರಿ ತೋರಿಸಿದಳು. ಬ್ಯಾಡಗಿಯಲ್ಲಿ ಶುರುವಾದ ಕಂತು ನಾವು ಓಡಿ ಮುಟ್ಟುತ್ತಿದ್ದ ಕದರಮಂಡಲಗಿಯ ಹನುಮಪ್ಪನ ಗುಡಿಯ ಎದುರು ಬಂದು ಮುಗಿಯುತ್ತಿತ್ತು. ನಾವು ನಕ್ಕು ನಕ್ಕು ಹೆಜ್ಜೆ ತಪ್ಪುತ್ತಿದ್ದೆವು, ದೂರ ಗೊತ್ತೇ ಆಗುತ್ತಿರಲಿಲ್ಲ.

"ಕೊನಿಗೆ ಹೋರಿ ಸಿಕ್ತೇನ್ರಿ?" ಎಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. "ಅದನ್ನ ಹುಬ್ಬಳ್ಳ್ಯಾಗ ಹೇಳ್ತೀನಿ, ಕೊನೀ ಎರಡ ಮೈಲಿಗೆ. ಕಾಲು ಬರೂದಿಲ್ಲ ಅಂದಾಗ ಕಿವಿಯಾರ ಬರತಾವು."

ಡಿಸೆಂಬರ್ ಕಳೆಯಿತು. ಮೆಣಸಿನಕಾಯಿ ಬರತೊಡಗಿತು. ಊರು ಕೆಂಪಾಯಿತು. ರಸ್ತೆಯ ಮೇಲೆ, ಮಾಳಿಗೆಯ ಮೇಲೆ, ಸ್ಟೇಷನ್ನಿನ ಬಯಲಿನಲ್ಲಿ ಎಲ್ಲೆಲ್ಲೂ ಅದೇ. ತೊಟ್ಟು ಬಿಡಿಸುವ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಸಾಲಾಗಿ ಕುಳಿತಿರುತ್ತಿದ್ದರು. ಹಂಗಾಮಿನಲ್ಲಿ ಬ್ಯಾಡಗಿಯವರ ಎದೆ ಉರಿಯುವುದು, ಕಣ್ಣು ಉರಿಯುವುದು, ದಿನಕ್ಕೆ ನೂರು ಸಲ ಕೆಮ್ಮುವುದು ರೋಗವಲ್ಲ, ವ್ಯಾಪಾರ. ಎದೆ ಉರಿ ಎಂದರೆ ಒಂದು ಬೆಲ್ಲದ ಚೂರು ಕೊಡುತ್ತಾರೆ, ಮೇಲೊಂದು ಲೋಟ ಮಜ್ಜಿಗೆ. ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ಅದೇ ಹೊತ್ತಿಗೆ ನಮ್ಮ ಕಾಲುಗಳು ತಕರಾರು ತೆಗೆದವು. ನನ್ನ ಮೊಣಕಾಲ ಕೆಳಗಿನ ಎಲುಬು ನೋಯುತ್ತಿತ್ತು. ಇಮಾಮನಿಗೆ ಮೊಣಕಾಲಿನ ಹೊರಮಗ್ಗುಲಿನ ಹಳೆಯ ನೋವು ಎದ್ದಿತು. ಮಲ್ಲಣ್ಣನವರ ಎಡ ಹಿಮ್ಮಡಿ ಹಿಡಿದುಕೊಂಡಿತು. ಬೆಳಿಗ್ಗೆ ಹಾಸಿಗೆಯಿಂದ ಇಳಿದರೆ ಮೊದಲ ಹೆಜ್ಜೆಗೆ ಮೊಳೆ ತುಳಿದಂತಾಗುತ್ತಿತ್ತಂತೆ. ನಾನು ಹುಟ್ಟಾ ಅಂಜುಬುರುಕ. ಉಗುರು ಕಪ್ಪಾದರೂ ಕಾಲೇ ಹೋಯಿತೆಂದು ಕೊರಗುವವನು. ಅದಕ್ಕೇ ಇಬ್ಬರೂ ನನ್ನನ್ನು ಈರಣ್ಣ ಎನ್ನುವುದು ಬಿಟ್ಟು "ಡಾಕ್ಟರ್" ಎಂದು ಕಾಡಿಸುತ್ತಿದ್ದರು. ಓಟ ಮುಗಿಸಿ ಅವರನ್ನು ನನ್ನ ಕೋಲ್ಡ್ ಸ್ಟೋರೇಜಿಗೆ ಕರೆತರುತ್ತಿದ್ದೆ. ಐಸು ಎಲ್ಲಿ ಹುಡುಕುವುದು, ಇಡೀ ಕೋಣೆಯೇ ತಣ್ಣಗಿದೆ. ಮೆಣಸಿನಕಾಯಿ ಚೀಲಗಳ ನಡುವೆ ಪ್ಯಾಂಟು ಮಡಿಚಿಕೊಂಡು, ಹೆಗಲ ಮೇಲೆ ಕಂಬಳಿ ಹೊದ್ದು ಮೂವರೂ ಕಾಲು ಚಾಚಿ ಕೂರುತ್ತಿದ್ದೆವು. ಒಮ್ಮೆ ಇಮಾಮ್ ಅದೇ ಚೀಲ ಮುಟ್ಟಿದ ಕೈಯಿಂದ ತೊಡೆಯ ಸಂದಿನ ಉಜ್ಜುಗಾಯಕ್ಕೆ ಎಣ್ಣೆ ಹಚ್ಚಿಕೊಂಡ. ಆ ಕೂಗಿಗೆ ಹಮಾಲರೆಲ್ಲ ಓಡಿ ಬಂದರು. ಮಲ್ಲಣ್ಣ ನಗುತ್ತ ನಗುತ್ತ ಕೆಮ್ಮಿ, ಕೆಮ್ಮುತ್ತ ಕೆಮ್ಮುತ್ತ ಗೋಡೆ ಹಿಡಿದು ಕುಳಿತರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. "ಘಾಟಪಾ" ಎಂದರು. ನಾವೂ ಘಾಟೇ ಎಂದುಕೊಂಡೆವು. ನಾನು ಅವರ ಹಿಮ್ಮಡಿಯ ಕೆಳಗೆ ಉರುಳಿಸಲು ಸೋಡಾ ಬಾಟಲಿ ತಂದುಕೊಟ್ಟೆ.

ಜನವರಿಯ ಕೊನೆಗೆ ಇಮಾಮ್ ನಮ್ಮನ್ನು ತನ್ನ ಕಡೆಗೆ ಕರೆದ. ರಾಣೆಬೆನ್ನೂರಿನಿಂದ ಕುಪ್ಪೇಲೂರಿನವರೆಗೆ ಹೋಗಿ ಬರುವುದು. ಎರಡೂ ಕಡೆ ಬಿಳಿಜೋಳದ ಹೊಲ, ತಂಪು ಗಾಳಿ, ಒಂದೂ ಮೆಣಸಿನಕಾಯಿ ಕಣ್ಣಿಗೆ ಬೀಳುವುದಿಲ್ಲ. ಅವತ್ತು ಹೋರಿ ಒಂದು ಹಳ್ಳ ದಾಟುವುದರೊಳಗೆ ಮಲ್ಲಣ್ಣನ ಮಾತು ನಿಂತಿತು. ಎದೆಯ ನಡುವೆ ಅಂಗೈ ಇಟ್ಟು ಉಜ್ಜಿಕೊಳ್ಳುತ್ತ, ಕೆಮ್ಮುತ್ತ ಓಡುತ್ತಿದ್ದರು.

"ಅಣ್ಣಾರ, ಇಲ್ಲಿ ಮೆಣಸಿನಕಾಯಿ ಎಲ್ಲೈತ್ರಿ?" ಎಂದ ಇಮಾಮ್.

ಮಲ್ಲಣ್ಣ ಸ್ವಲ್ಪ ನಡೆದು, ಉಸಿರು ಕೂಡಿಸಿಕೊಂಡರು. "ಮೂವತ್ತ ವರ್ಷದ್ದು ಮೈಯಾಗ ಸೇರೇತೋ ಮಾರಾಯ. ನನ್ನ ಹಿಂಡಿದ್ರ ಖಾರ ಬರತೈತಿ."

ನಕ್ಕೆವು. ಆದರೆ ನಗುತ್ತಲೇ ನಾನು ಒಂದನ್ನು ಗಮನಿಸಿದೆ. ನಡೆದ ಕೂಡಲೇ ಅವರ ಎದೆ ಉರಿ ಕಡಿಮೆಯಾಗಿತ್ತು. ಮತ್ತೆ ಓಡಿದಾಗ ಮತ್ತೆ ಬಂತು. ಅದೇ ವಾರ ಅವರನ್ನು ಕೂರಿಸಿ, ಹಾವೇರಿಗೆ ಹೋಗಿ ಎದೆಯ ಪರೀಕ್ಷೆ ಮಾಡಿಸಿಕೊಂಡು ಬರೋಣ ಎಂದೆ. ಅವರು ನನ್ನ ಬೆನ್ನು ತಟ್ಟಿದರು. "ಡಾಕ್ಟರ್, ಹೋದ ವಾರ ನಿನ್ನ ಕಾಲು ಮುರದೈತಿ ಅಂದಿದ್ದಿ. ಅದರ ಹಿಂದಿನ ವಾರ ಇಮಾಮನ ಕಾಲು ಕಡೀಬೇಕಾಗತೈತಿ ಅಂದಿ. ಓಟ ಮುಗೀಲಿ, ಮೂರೂ ಮಂದಿ ಕೂಡೇ ಹೋಗಿ ಎಲ್ಲಾ ತೋರಿಸಿಕೊಂಡು ಬರೂಣಂತ." ಅವರ ಹೆಂಡತಿ ಶಾಂತಕ್ಕನಿಗೂ ಹೇಳಿದೆ. ಅವರಿಗೂ ಗಂಡನಿಗೆ ಹೇಳಿ ಹೇಳಿ ಸಾಕಾಗಿತ್ತು. ದಿನಾ ಬೆಂಕಿಗೆ ಹೆದರಿ ಕೂಗುವವನ ಮಾತು ಬೆಂಕಿ ಬಿದ್ದ ದಿನ ಯಾರಿಗೂ ಕೇಳುವುದಿಲ್ಲ. ನನಗೇ ನನ್ನ ಹೆದರಿಕೆಯ ಮೇಲೆ ನಂಬಿಕೆ ಇರಲಿಲ್ಲ.

ಅಲ್ಲಿಂದ ಮುಂದೆ ನಾನು ಅವರ ಕಾಲು ನೋಡುವುದು ಬಿಟ್ಟು ಕಥೆಯ ಉದ್ದ ನೋಡತೊಡಗಿದೆ. ಗುಡಿಯವರೆಗೆ ಬರುತ್ತಿದ್ದ ಕಂತು ಅರ್ಧ ದಾರಿಯ ಕೆರೆಯ ಏರಿಗೇ ಮುಗಿಯಿತು. ಮುಂದಿನ ವಾರ ಊರು ಬಿಡುವುದರೊಳಗೆ. ಹೋರಿಯೂ ಮೊದಲಿನ ಹಾಗೆ ಚಪ್ಪರ ಕೆಡವುತ್ತಿರಲಿಲ್ಲ. ಬರೀ ಓಡುತ್ತಿತ್ತು. ಊರವರು ಬಾಗಿಲು ಹಾಕಿಕೊಂಡು ಒಳಗೆ ಕುಳಿತಿರುತ್ತಿದ್ದರು. ಹೊರಗೆ ಅದರ ಗೊರಸಿನ ಸದ್ದು ಮಾತ್ರ. ಇಂಥ ಕಥೆ ಕೇಳಲು ನನಗೆ ಮನಸ್ಸಿರಲಿಲ್ಲ.

ಓಟಕ್ಕೆ ಮೂರು ವಾರ ಉಳಿದಿತ್ತು. ಕೊನೆಯ ಉದ್ದನೆಯ ತಾಲೀಮಿಗೆ ಕಾಗಿನೆಲೆಯ ದಾರಿ ಆರಿಸಿದ್ದೆವು. ಇಮಾಮ್ ಬರಲಿಲ್ಲ. ಮೊಣಕಾಲಿಗೆ ವಿಶ್ರಾಂತಿ ಕೊಡುತ್ತೇನೆಂದು ಫೋನು ಮಾಡಿದ್ದ. ಮಲ್ಲಣ್ಣ ಮನೆಯ ಬಾಗಿಲಲ್ಲಿ ಬೂಟು ಕಟ್ಟುತ್ತ ಹಿಮ್ಮಡಿ ಇವತ್ತು ನೋಯುತ್ತಿಲ್ಲ ಎಂದು ಖುಷಿಯಿಂದ ಹೇಳಿದರು. ಎಡಗೈ ತೋಳನ್ನು ಮಾತ್ರ ಆಗಾಗ ಒತ್ತಿಕೊಳ್ಳುತ್ತಿದ್ದರು. ನಿನ್ನೆ ಚೀಲ ಎತ್ತಿದ್ದಕ್ಕೆ ಎಂದರು. ಬಹಳ ನಿಧಾನ ಓಡಿದೆವು. ಬೆಳಕು ಬಿತ್ತು. ಅವರು ಒಂದು ಮಾತೂ ಆಡಲಿಲ್ಲ. ಅಷ್ಟು ದಿನಗಳಲ್ಲಿ ಮೊದಲ ಸಲ ನಮ್ಮ ನಾಲ್ಕು ಬೂಟುಗಳ ಸದ್ದು ನನಗೆ ಕೇಳಿಸಿತು.

ಕಾಗಿನೆಲೆಗೆ ಇನ್ನೂ ದೂರವಿದ್ದಾಗ ಅವರು ಒಮ್ಮೆಲೇ ಬಾಯಿ ತೆರೆದರು.

"ಹೋರಿ ಕಥಿ... ಮುಗಸ್ತೀನಿ... ಕೇಳು."

"ಬ್ಯಾಡ್ರಿ ಅಣ್ಣಾರ, ಅದು ಹುಬ್ಬಳ್ಳಿಗೆ ಇಟ್ಟದ್ದಲ್ಲೇನ್ರಿ?"

"ಅಲ್ಲೀತನಕ... ಇಟಗೊಂಡ್ರ... ಕೆಡತೈತಿ."

ದಲಾಲಿ ಅಂಗಡಿಯವರ ಮಾತು ಅದು. ಮಾಲು ಬಹಳ ದಿನ ನಿಲ್ಲುವುದಿಲ್ಲ ಎಂದು ಗೊತ್ತಾದಾಗ ಆಡುವ ಮಾತು. ಅವರ ರಟ್ಟೆ ಹಿಡಿದು ನಿಲ್ಲಿಸಿದೆ. ಅಂಗಿ ಬೆವರಿನಿಂದ ತೊಯ್ದಿತ್ತು, ಕೈ ಮಾತ್ರ ಕೋಲ್ಡ್ ಸ್ಟೋರೇಜಿನ ಗೋಡೆಯಷ್ಟು ತಣ್ಣಗೆ. ನಿಂತರೂ ಈ ಸಲ ಉರಿ ಕಡಿಮೆಯಾಗಲಿಲ್ಲ. ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂರಿಸಿದೆ. ಬ್ಯಾಡಗಿಯ ಕಡೆ ಹೊರಟಿದ್ದ ಒಂದು ಮೆಣಸಿನಕಾಯಿ ಟೆಂಪೋ ಬಂತು. ರಸ್ತೆಗೆ ಅಡ್ಡ ನಿಂತೆ. ಚಾಲಕ ಇಳಿದು, ಮುಖ ನೋಡಿ, ಏನೂ ಕೇಳದೆ ಹಿಂಬದಿಯ ಬಾಗಿಲು ತೆಗೆದ. ಹಾವೇರಿಗೆ ಹೋಗೋಣ, ಬ್ಯಾಡಗಿಯಲ್ಲಿ ನಿಲ್ಲುವುದು ಬೇಡ ಎಂದೂ ಅವನೇ ಹೇಳಿದ. ಇಬ್ಬರೂ ಸೇರಿ ಅವರನ್ನು ಮೇಲೆತ್ತಿ ಚೀಲಕ್ಕೆ ಒರಗಿಸಲು ಹೋದೆವು.

ಮಲ್ಲಣ್ಣ ತಲೆ ಅಲ್ಲಾಡಿಸಿದರು. ಬೆರಳಿನಿಂದ ಚೀಲವನ್ನು ದೂಡಿದರು. "ಚೀಲಕ್ಕ ಬ್ಯಾಡ... ಚೀಲಕ್ಕ ಬ್ಯಾಡೋ."

ನನಗೆ ಅವರ ಅಪ್ಪ ನೆನಪಾದರು. ನಾನು ಚೀಲಗಳಿಗೆ ಬೆನ್ನು ಕೊಟ್ಟು ಕುಳಿತು, ಅವರನ್ನು ನನ್ನ ಎದೆಗೆ ಒರಗಿಸಿಕೊಂಡೆ. ಟೆಂಪೋ ಓಡಿತು. ಅಷ್ಟು ದೊಡ್ಡ ಮನುಷ್ಯ ನನ್ನ ಮೇಲೆ ಭಾರವೇ ಅನಿಸಲಿಲ್ಲ. ಮತ್ತೆ "ಹೋರಿ..." ಎಂದು ತುಟಿ ಅಲುಗಿತು. ನಾನು ಬಗ್ಗಿ ಅವರ ಕಿವಿಯಲ್ಲಿ, "ಈಗ ಮಾತಾಡಬ್ಯಾಡ್ರಿ. ಹುಬ್ಬಳ್ಳ್ಯಾಗ ಹೇಳೀರಂತ. ಕೊನೀ ಎರಡ ಮೈಲಿಗೆ" ಎಂದೆ. ಕಥೆ ಉಳಿದಿದ್ದರೆ ಅವರೂ ಉಳಿಯುತ್ತಾರೆ ಎಂದು ನನಗೆ ಆಗ ಅನಿಸಿತ್ತು. ಅವರು ಹೂಂ ಎನ್ನುವಂತೆ ಕಣ್ಣು ಮುಚ್ಚಿ ಸ್ವಲ್ಪ ನಕ್ಕರು. ಸುತ್ತ ಮೆಣಸಿನಕಾಯಿಯ ಧೂಳು ಏಳುತ್ತಿತ್ತು. ನಾನು ಕೆಮ್ಮುತ್ತಿದ್ದೆ, ಚಾಲಕ ಕೆಮ್ಮುತ್ತಿದ್ದ. ಹಾವೇರಿಯ ಆಸ್ಪತ್ರೆಯ ಮೆಟ್ಟಿಲು ಮುಟ್ಟುವ ಎಷ್ಟೋ ಮೊದಲೇ ಮಲ್ಲಣ್ಣ ಕೆಮ್ಮುವುದನ್ನು ನಿಲ್ಲಿಸಿದ್ದರು.

ಮಣ್ಣಿನ ಕಾರ್ಯ ಮುಗಿದ ಕೆಲವು ದಿನಗಳ ಮೇಲೆ ಶಾಂತಕ್ಕನನ್ನು ಮಾತಾಡಿಸಲು ಹೋಗಿದ್ದೆ. ಪಡಸಾಲೆಯಲ್ಲಿ ಮಲ್ಲಣ್ಣನವರ ಬೂಟು ಹಾಗೇ ಇತ್ತು. ಅದನ್ನು ನೋಡುತ್ತ, ಅಜ್ಜನ ಹೋರಿಯ ಕಥೆ ಕೊನೆಗೂ ಕೇಳಲಾಗಲಿಲ್ಲ ನೋಡ್ರಿ ಎಂದೆ.

ಶಾಂತಕ್ಕ ತಲೆ ಎತ್ತಿದರು. "ಯಾವ ಹೋರಿ, ಈರಣ್ಣಾ? ಇವರ ಅಜ್ಜನ ಮನ್ಯಾಗ ಇದ್ದಿದ್ದು ಎರಡ ಎಮ್ಮಿ. ದೀಪಾವಳಿಗೆ ಹೋರಿ ಬಿಟ್ರ ಇವರು ಮಾಳಿಗಿ ಏರಿ ಕುಂದರತಿದ್ರು, ಅಷ್ಟ ಅಂಜಿಕಿ." ಬೂಟಿನ ದಾರ ಒಳಗೆ ಮಡಿಚುತ್ತ ಹೇಳಿದರು. "ಶನಿವಾರ ಸಂಜೀಕ ನನ್ನ ಕೇಳ್ತಿದ್ರು, ನಾಳೆ ಹೋರಿನ ಯಾವೂರಿಗೆ ಕಳಸಲೇ ಅಂತ. ನಾ ಒಂದೂರ ಹೇಳ್ತಿದ್ದೆ. ಕೊನಿ ಮಾತ್ರ ಸಿಕ್ಕಿರಲಿಲ್ಲ. ಅವರು ಹೋಗೂ ಹಿಂದಿನ ದಿನ, ಕೊನಿ ಸಿಕ್ತು ಅಂದ್ರು. ಒಲಿ ಮ್ಯಾಲ ರೊಟ್ಟಿ ಇತ್ತು, ನಾಳೆ ಹೇಳೀರಂತ ಬಿಡ್ರಿ ಅಂದೆ."

ಅವರೂ ನಾಳೆ ಎಂದಿದ್ದರು, ನಾನೂ ಆಮೇಲೆ ಎಂದಿದ್ದೆ. ಏಳುವಾಗ ಶಾಂತಕ್ಕ, "ಹುಬ್ಬಳ್ಳಿಗೆ ಹೋಗ್ರಿ. ನಿಂದ್ರಬ್ಯಾಡ್ರಿ" ಎಂದರು.

ಇಮಾಮ್ ಮತ್ತು ನಾನು ಹೋದೆವು. ಮೊದಲ ಅರ್ಧ ಕೈ ಬಿಗಿ ಹಿಡಿದು ಓಡಿದೆವು. ಎಲ್ಲರೂ ನಮ್ಮನ್ನು ದಾಟಿ ಹೋದರು, ಹೋಗಲಿ ಎಂದು ಬಿಟ್ಟೆವು. ನಂತರ ಅವರಲ್ಲಿ ಬಹಳ ಜನ ರಸ್ತೆಯ ಬದಿಗೆ ಕುಳಿತು ಕಾಲು ಒತ್ತಿಕೊಳ್ಳುತ್ತಿದ್ದರು. ಬಿಸಿಲು ಏರಿತು. ಇಮಾಮನ ಮೊಣಕಾಲಿನ ನೋವು ಕೊನೆಯ ಎರಡು ಮೈಲಿ ಇದ್ದಾಗ ಎದ್ದಿತು. ಅವನು ಕುಂಟತೊಡಗಿದ. ಅವನಿಗೆ ಶಾಂತಕ್ಕನ ಮಾತು ನಾನು ಹೇಳಿರಲಿಲ್ಲ.

"ಈರಣ್ಣ, ಆವತ್ತ ನೀ ಅವರ ಕೂಡ ಇದ್ದಿ. ಕಥಿ ಕೊನಿ ಹೇಳಿದ್ರೇನೋ?"

ಅವನ ಮುಖ ನೋಡಿದೆ. "ಹೇಳಿದ್ರು" ಎಂದೆ.

ನನಗೆ ಕಥೆ ಹೇಳಿ ಗೊತ್ತಿಲ್ಲ. ಆದರೂ ಶುರು ಮಾಡಿದೆ. ಹೋರಿ ಕಾಗಿನೆಲೆ ದಾಟಿತು. ಅಜ್ಜ ಮತ್ತು ನಾಲ್ಕು ಜನ ಊರೂರು ತಿರುಗಿ, ಚಪ್ಪಲಿ ಸವೆಸಿ, ಇನ್ನು ಸಿಗುವುದಿಲ್ಲ ಎಂದು ಕೈಚೆಲ್ಲಿ ಬರಿಗೈಲಿ ಊರಿಗೆ ಬಂದರು. ಅಜ್ಜ ದನದ ಕೊಟ್ಟಿಗೆಯ ಬಾಗಿಲು ತೆಗೆದ. ಕರಿಯ ಒಳಗೆ ತನ್ನ ಗೂಟದ ಹತ್ತಿರ ನಿಂತು ಮೆಲುಕು ಹಾಕುತ್ತಿತ್ತು. ಇವರೆಲ್ಲರಿಗಿಂತ ಮೊದಲೇ ಬಂದು ನಿಂತಿತ್ತು. ಕೊರಳಲ್ಲಿ ಕೊಬ್ಬರಿ ಸರ ಹಾಗೇ ಇತ್ತು. ಒಂದೂ ಹರಿದಿರಲಿಲ್ಲ. ಇಷ್ಟನ್ನು ಎಷ್ಟು ಎಳೆಯಬಹುದೋ ಅಷ್ಟು ಎಳೆದು ಹೇಳಿದೆ, ಮುಗಿಯುವ ಗೆರೆ ಕಾಣುವವರೆಗೂ.

"ಖರೇನ?" ಎಂದ ಇಮಾಮ್. ಅಳುತ್ತಿದ್ದ.

"ಖರೇ" ಎಂದೆ.

ಮರುದಿನ ಬ್ಯಾಡಗಿಗೆ ಬಂದು ಶಾಂತಕ್ಕನ ಮನೆಗೆ ಹೋದೆ. ಓಣಿಯ ತುಂಬ ಮೆಣಸಿನಕಾಯಿ ಹರಡಿದ್ದರು. ಅವರು ಬಾಗಿಲ ಹತ್ತಿರ ಬಂದು, ಓಟದ ಸುದ್ದಿ ಏನೂ ಕೇಳದೆ, "ಹೋರಿ ಎಲ್ಲಿಗೆ ಬಂತು ಈರಣ್ಣಾ?" ಎಂದರು.

"ಮನಿಗೆ ಬಂತ್ರಿ ಅಕ್ಕಾರ."

ಅವರು ತಲೆ ಆಡಿಸಿ, ನನಗೆ ನೀರು ತರುತ್ತೇನೆಂದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಅಡುಗೆಮನೆಯಿಂದ ಬಾಯಿಗೆ ಸೆರಗು ಒತ್ತಿಕೊಂಡ ಕೆಮ್ಮಿನ ಸದ್ದು ಬಂತು, ನಿಂತಿತು, ಮತ್ತೆ ಬಂತು. ಓಣಿಯಲ್ಲಿ ತೊಟ್ಟು ಬಿಡಿಸುತ್ತಿದ್ದ ಹೆಂಗಸರು ತಲೆ ಎತ್ತಿ ಕೂಡ ನೋಡಲಿಲ್ಲ. ಅದು ಮೆಣಸಿನಕಾಯಿಯ ಕೆಮ್ಮಲ್ಲ ಎಂದು ನನಗೊಬ್ಬನಿಗೆ ಗೊತ್ತಿತ್ತು.